ಅಮ್ಮನ ಅಳತೆಗೆ ಒಂದು ದೋಣಿ

ಮಾರ್ಚ್ 2, ಬೆಳಿಗ್ಗೆ

ಹೋಟೆಲಿನವರ ಪರದೆ ಇನ್ನೂ ಅರ್ಧ ಬಾಕಿ. ಅಂಚು ಮಡಿಸುವುದು ನನ್ನ ಕೆಲಸ, ಹೊಲಿಯುವುದು ಅಮ್ಮನದು. ಮಡಿಸುತ್ತಾ ಮಡಿಸುತ್ತಾ ಬಟ್ಟೆಯ ಕೆಳಗೆ ಮೊಬೈಲ್ ಇಟ್ಟುಕೊಂಡು ಗುಂಪು ನೋಡುತ್ತಿದ್ದೆ. ‘ಹಾಯಿಮನೆ’ ಗುಂಪು. ಎದ್ದ ಕೂಡಲೇ ರಾಶಿ ಮೆಸೇಜ್. ಹಳೆಯ ಹಾಯಿದೋಣಿ ಕೊಂಡು ಅದರಲ್ಲೇ ಸಂಸಾರ ಹೂಡಿದವರು, ಹೂಡಬೇಕೆಂದಿರುವವರು, ಆಮೇಲೆ ನನ್ನಂಥವರು... ಒಮ್ಮೆಯೂ ದೋಣಿ ಹತ್ತದೆ ದೋಣಿಯ ಬಗ್ಗೆ ಎಲ್ಲ ಗೊತ್ತಿರುವವರು. ಅಲ್ಲಿ ನನ್ನ ಹೆಸರು ‘ದಡದ ಮೀನು’.

‘ಆ ಬಟ್ಟೆ ಕೆಳಗೆ ಏನೇ ಅದು? ಮೊಟ್ಟೆಗೆ ಕಾವು ಕೊಡ್ತಿದೀಯಾ?’ — ಅಮ್ಮ. ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಇಷ್ಟು ಸ್ಪಷ್ಟವಾಗಿ ಬೈಯುವವರು ಬೇರೆ ಯಾರೂ ಇಲ್ಲ.

ಒಂದು ಪರದೆ ಮುಗಿಯಿತು. ಅಮ್ಮ ಎದ್ದಳು. ಫ್ಯಾನಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಎರಡೂ ಕೈ ಮೇಲೆತ್ತಿ ಮೈ ಮುರಿದಳು. ಬೆನ್ನು ಲಟಕ್. ‘ಅಬ್ಬಬ್ಬಾ...’ ಒಂದು ಬಟ್ಟೆ ಮುಗಿದರೆ ಒಂದು ಸಲ. ಮುಗಿಯದೆ ಎಂದೂ ಇಲ್ಲ. ನಾನು ಹುಟ್ಟಿದಾಗಿನಿಂದ ಇದೇ ಕಾನೂನು.

ಇವತ್ತು ಹೇಳಿಬಿಡಬೇಕು. ಊಟ ಆದ ಮೇಲೆ. ಹೊಟ್ಟೆ ತುಂಬಿದಾಗ ಅಮ್ಮ ಒಳ್ಳೆಯವಳು.

ಅದೇ ದಿನ, ಸಂಜೆ

ಹೇಳಿದೆ.

ವಿಷಯ ಏನೆಂದರೆ, ಈ ಕಟ್ಟಡ ಕೆಡವುತ್ತಾರೆ. ಏಪ್ರಿಲ್ ಕೊನೆಗೆ ಖಾಲಿ ಮಾಡಬೇಕು. ಮುಂದೆ ಅಂಗಡಿ, ಹಿಂದೆ ಮನೆ, ಎರಡೂ ಒಟ್ಟಿಗೆ ಹೋಗುತ್ತವೆ. ಚಿಕ್ಕಮ್ಮನ ಮನೆಯಲ್ಲಿ ಒಂದು ಸಣ್ಣ ಕೋಣೆ ಇದೆ, ಅಮ್ಮ ಅಲ್ಲಿಗೆ. ನಾನು ಹಾಸ್ಟೆಲಿಗೆ. ಹೊಲಿಗೆ ಮಷೀನು ಗುಜರಿಗೆ. ಇದು ದೊಡ್ಡವರೆಲ್ಲ ಕೂತು ಮಾಡಿದ ಪ್ಲಾನ್. ನನ್ನ ಪ್ಲಾನ್: ಮನೆ ಬಿಟ್ಟುಕೊಡುವುದಕ್ಕೆ ಓನರ್ ಕೊಟ್ಟ ದುಡ್ಡಿನಲ್ಲಿ ಒಂದು ಹಳೆಯ ಹಾಯಿದೋಣಿ. ಬಂದರಿನಲ್ಲಿ ಕಟ್ಟಿ ಹಾಕಿ ಅಲ್ಲೇ ವಾಸ, ಅಲ್ಲೇ ಹೊಲಿಗೆ. ಮಷೀನೂ ಸೇರಿ ಮೂವರೂ ಒಟ್ಟಿಗೆ.

ಅಮ್ಮ ನಕ್ಕಳು. ಎಷ್ಟು ನಕ್ಕಳೆಂದರೆ ಪಿನ್ನಿನ ಡಬ್ಬಿಯೇ ಮಗುಚಿ ಬಿತ್ತು. ಇಬ್ಬರೂ ನೆಲದ ಮೇಲೆ ಕೂತು ಆರಿಸಿದೆವು.

‘ಮುಳುಗಿದ್ರೆ?’

‘ಮುಳುಗಲ್ಲ.’

‘ಯಾರು ಹೇಳಿದ್ದು?’

‘ಗಂಟಕ್ಕ.’

‘ಅದ್ಯಾರೇ ಗಂಟಕ್ಕ?’

ಗುಂಪಿನ ಹಿರಿಯಕ್ಕ. ಯಾವ ಪ್ರಶ್ನೆ ಕೇಳಿದರೂ ಹಗ್ಗಕ್ಕೆ ಯಾವ ಗಂಟು ಹಾಕಬೇಕೆಂಬಲ್ಲಿಂದಲೇ ಉತ್ತರ ಶುರು. ಮುಖ ನೋಡಿಲ್ಲ. ಆದರೂ ನಂಬಿಕೆ.

‘ಮುಖ ನೋಡದೋರ ಮಾತು ಕೇಳಿ ನಾನು ನೀರಿಗೆ ಬೀಳ್ಬೇಕಾ?’ ಎಂದಳು. ಉಳಿದ ಪಿನ್ನೆಲ್ಲ ಡಬ್ಬಿಗೆ ಹಾಕಿದಳು. ಆಮೇಲೆ ಮಷೀನಿನ ತಲೆ ಸವರುತ್ತಾ — ‘ಅಲ್ಲಾ, ನಿಮ್ಮಣ್ಣ ಎಲ್ಲಿ ಕೂತ್ಕೋತಾನೆ?’

ನಿಮ್ಮಣ್ಣ ಎಂದರೆ ಮಷೀನು. ನನಗಿಂತ ಮೊದಲು ಮನೆಗೆ ಬಂದದ್ದು, ಹಾಗಾಗಿ ಅಣ್ಣ.

ಜಾಗ ಕೇಳಿದಳು!! ಅಂದರೆ ಒಪ್ಪಿದಳು!!!

ಮಾರ್ಚ್ 5

ಗುಂಪಿನಲ್ಲಿ ಹೇಳಿದೆ. ಬೆಂಕಿ, ಹೃದಯ, ಲಂಗರು, ಎಲ್ಲ ಇಮೋಜಿ ಬಂದವು. ಗಂಟಕ್ಕ ಮಾತ್ರ ನೇರ ಕೆಲಸಕ್ಕೆ.

‘ಮೀನು, ಮೊದಲು ಇದು ಹೇಳು. ಒಳಗೆ ನೆಟ್ಟಗೆ ನಿಲ್ಲೋಕಾಗದ ದೋಣಿಲಿ ವಾಸ ಮಾಡೋಕಾಗಲ್ಲ. ಇಬ್ಬರಲ್ಲಿ ಎತ್ತರ ಯಾರು?’

ಅಮ್ಮ. ಅಳತೆ ನನ್ನ ಬಾಯಲ್ಲೇ ಇದೆ, ಅವಳ ಬಟ್ಟೆ ಕತ್ತರಿಸುವವಳು ನಾನೇ ಅಲ್ಲವಾ. ಐವತ್ತೆಂಟು ಇಂಚು. ನಾನು ಐವತ್ತು.

‘ಅಯ್ಯೋ ಬೆರಳುದ್ದದ ಸಂಸಾರ!’ ಎಂದು ಬರೆದಳು. ‘ಅದೃಷ್ಟ ಮಾಡಿದೀರ. ಗಿಡ್ಡಮ್ಮನಿಗೆ ಎಂಥ ದೋಣಿಯಾದ್ರೂ ಆಗುತ್ತೆ. ತೆಳ್ಳಗಿರೋದು, ಓಡೋದು ನೋಡು.’

ಗಿಡ್ಡಮ್ಮ? ಅಮ್ಮನನ್ನು ಯಾರೂ ಹಾಗೆ ಕರೆದದ್ದಿಲ್ಲ. ಗುಂಪಿನವರೆಲ್ಲ ತೆಂಗಿನಮರದಂಥವರೇ ಇರಬೇಕು.

ಮಾರ್ಚ್ 9

ಮೊದಲ ದಿನ ಬಂದರಿಗೆ. ದೋಣಿ ಮಾರಿಸುವ ದಲ್ಲಾಳಿಗೆ ಕಪ್ಪು ಕನ್ನಡಕ, ಕೈಯಲ್ಲಿ ಕೀಗಳ ಗೊಂಚಲು. ನಾನು ಚೀಲದಲ್ಲಿ ಮರದ ಸೌಟು ತೆಗೆದುಕೊಂಡು ಹೋಗಿದ್ದೆ. ಅದರ ಹಿಡಿಯಿಂದ ದೋಣಿಯ ಮೈ ತಟ್ಟಿ ಕೇಳಬೇಕು — ಟಕ್ ಟಕ್ ಅಂದರೆ ಗಟ್ಟಿ, ದಬ್ ಅಂದರೆ ಒಳಗೆ ನೀರು ಕುಡಿದಿದೆ. ಗುಂಪಿನಲ್ಲಿ ಕಲಿತದ್ದು.

‘ಅಡುಗೆ ಮಾಡೋಕೆ ಬಂದ್ರಾ?’ ಎಂದ ದಲ್ಲಾಳಿ.

ಮೊದಲು ತೋರಿಸಿದ್ದು ಒಂದು ಕಿತ್ತಳೆ ಬಣ್ಣದ ದೋಣಿ. ಗುಂಡಗೆ. ಕ್ಯಾಬಿನ್ ಎತ್ತರವೋ ಎತ್ತರ, ಯಾರೋ ದೋಣಿಯ ಮೇಲೆ ಬೀರು ಇಟ್ಟು ಮರೆತು ಹೋದ ಹಾಗೆ. ಫೋಟೋ ಹಾಕಿದ್ದಷ್ಟೇ, ಗುಂಪಿನವರು ನಾಮಕರಣ ಮಾಡಿಬಿಟ್ಟರು: ಕುಂಬಳಕಾಯಿ. ‘ಇದು ತೇಲುತ್ತಾ ಉರುಳುತ್ತಾ?’ ‘ಗಾಳಿ ಬಂದ್ರೆ ಗಾಳಿಗೇ ನಗು.’ ನಾನೂ ನಕ್ಕೆ. ಒಳಗೆ ಇಣುಕಲೂ ಇಲ್ಲ.

ಮಾರ್ಚ್ 11

ಸಿಕ್ಕಿತು ಸಿಕ್ಕಿತು ಸಿಕ್ಕಿತು.

ಬಿಳಿ. ತೆಳ್ಳಗೆ, ಉದ್ದಕ್ಕೆ, ಮೂತಿ ಚೂಪು. ಕಟ್ಟಿ ಹಾಕಿದ್ದರೂ ಎಲ್ಲಿಗೋ ಹೊರಟು ನಿಂತ ಹಾಗೆ ಇದೆ. ಸೌಟಿನಿಂದ ಇಡೀ ಮೈ ತಟ್ಟಿದೆ — ಟಕ್ ಟಕ್ ಟಕ್. ಒಳಗೆ ಪುಟ್ಟ ಒಲೆ, ಪುಟ್ಟ ಸಿಂಕು, ದುಂಡು ಕಿಟಕಿ. ಕಿಟಕಿಯಿಂದ ನೀರಿನ ಬೆಳಕು ಬಂದು ಚಾವಣಿಯಲ್ಲಿ ಕುಣಿಯುತ್ತಿತ್ತು. ಹಾಸಿಗೆಯ ಮೇಲೆ ಮಲಗಿ ನೋಡಿದೆ. ಎದ್ದು ನಿಂತು ನೋಡಿದೆ. ಮತ್ತೆ ಮಲಗಿದೆ. ದಲ್ಲಾಳಿ ಕೆಮ್ಮಿದ.

ಚಾವಣಿ ಅರವತ್ತನಾಲ್ಕು ಇಂಚು. ಅಮ್ಮನಿಗೆ ಆರು ಇಂಚು ಮಿಗುತ್ತದೆ. ಧಾರಾಳ. ನಾನು ನಿಂತಾಗ ತಲೆಯ ಮೇಲೆ ಅಂಗೈ ಹಿಡಿಸುವಷ್ಟೇ ಜಾಗ ಇತ್ತು... ಲೆಕ್ಕಕ್ಕೆ ಇನ್ನೂ ತುಂಬ ಬರಬೇಕಿತ್ತಲ್ಲ? ಕೂದಲು ಎತ್ತಿ ಕಟ್ಟಿದ್ದೆ. ಅದಕ್ಕೇ ಇರಬೇಕು.

ಗುಂಪು ಹುಚ್ಚೆದ್ದಿದೆ. ‘ಬಿಳಿ ಚೆಲುವೆ’ ಅಂತ ಹೆಸರೂ ಆಯಿತು. ದಲ್ಲಾಳಿಗೆ ಹೇಳಿದ್ದೇನೆ: ಇದೇ. ಅಮ್ಮ ಒಂದು ಸಲ ನೋಡಲಿ, ಅಡ್ವಾನ್ಸ್ ಕೊಟ್ಟುಬಿಡುತ್ತೇವೆ.

ಮಾರ್ಚ್ 23

ಶಾಲೆಯವರ ಯೂನಿಫಾರ್ಮ್ ಬಂತು, ಹತ್ತು ಹನ್ನೆರಡು ದಿನ ಪೆನ್ನು ಮುಟ್ಟಲಾಗಲಿಲ್ಲ. ಕಾಜಾ ಹೊಲಿದು ಹೊಲಿದು ಕನಸಿನಲ್ಲೂ ಕಾಜಾ. ದೋಣಿಗೂ ಕಾಜಾ ಹಾಕಿ ಗುಂಡಿಯಿಂದ ಬಂದರಿಗೆ ಸಿಕ್ಕಿಸಿದ ಹಾಗೆ.

ನಾಳೆ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ. ಒಳ್ಳೆಯ ಸೀರೆ ಇಸ್ತ್ರಿ ಮಾಡಿಟ್ಟಿದ್ದಾಳೆ. ‘ಹೆಣ್ಣು ನೋಡೋಕೆ ಹೋಗೋದಲ್ವಾ’ ಎಂದಳು.

ಮಾರ್ಚ್ 24

ಅಮ್ಮ ಹಲಗೆ ದಾಟಿದಳು. ದೋಣಿ ಸ್ವಲ್ಪ ವಾಲಿತು. ‘ಏ ಏ ಏ, ನನ್ನ ತೂಕ ಊರಿಗೆಲ್ಲ ಹೇಳ್ಬೇಡ’ ಎಂದು ದೋಣಿಗೇ ಗದರಿದಳು. ದಲ್ಲಾಳಿ ಕನ್ನಡಕ ತೆಗೆದು ನಕ್ಕ. ಎಲ್ಲ ಚೆನ್ನಾಗಿತ್ತು. ಮೂರು ಮೆಟ್ಟಿಲಿಳಿದು ಕ್ಯಾಬಿನ್ ಒಳಗೆ ಕಾಲಿಟ್ಟು ನೆಟ್ಟಗೆ ನಿಂತಳು...

ಢಣ್.

‘ನಿಧಾನ ಮೇಡಂ’ ಎಂದ ದಲ್ಲಾಳಿ, ಆಮೇಲೆ.

ಅಮ್ಮ ಕೂತು ತಲೆ ಉಜ್ಜಿಕೊಂಡಳು. ನಾನು ಚಾವಣಿ ನೋಡಿದೆ, ಅಮ್ಮನನ್ನು ನೋಡಿದೆ. ಅರವತ್ತನಾಲ್ಕು. ಐವತ್ತೆಂಟು. ಗುಂಪಿನಲ್ಲಿ ಎಲ್ಲರೂ ಸರಿ ಅಂದಿದ್ದರು. ಮತ್ತೆ ಅಮ್ಮ ಯಾಕೆ ತಾಗಿದಳು? ಅಮ್ಮ ಬೆಳೆದಳಾ?

ಅಮ್ಮ ಮಾತ್ರ ಸುತ್ತ ಕಣ್ಣಾಡಿಸುತ್ತಿದ್ದಳು. ಒಲೆ, ಸಿಂಕು, ದುಂಡು ಕಿಟಕಿ. ಕೊನೆಗೆ ನನ್ನ ಮುಖ. ಅಲ್ಲಿ ಕಣ್ಣು ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

‘ಚೆನ್ನಾಗಿದೆ ಕಣೇ’ ಎಂದಳು. ‘ತಗೋ.’

‘ಅಮ್ಮಾ, ತಲೆ...’

‘ಬಗ್ಗಿ ಓಡಾಡಿದ್ರಾಯ್ತು. ದಿನವಿಡೀ ಕೂತೇ ಇರೋಳು ನಾನು. ನಿಂತು ಯಾವ ಮೆರವಣಿಗೆ ಹೋಗ್ಬೇಕು?’

ನಾನು ಅವಳನ್ನು ಅಪ್ಪಿಕೊಂಡೆ. ನಾಳೆ ಅಡ್ವಾನ್ಸ್.

ಅದೇ ದಿನ, ಸಂಜೆ

ಮನೆಗೆ ಬಂದು ಅಮ್ಮ ಉಳಿದಿದ್ದ ಅಂಗಿ ಮುಗಿಸಿದಳು. ಎದ್ದಳು. ಫ್ಯಾನಿನಿಂದ ಪಕ್ಕಕ್ಕೆ ಸರಿದು ಕೈ ಎತ್ತಿದಳು. ಅಬ್ಬಬ್ಬಾ.

ನಾನು ಆ ಕೈಗಳನ್ನೇ ನೋಡುತ್ತಾ ಕೂತೆ. ಬಿಳಿ ಚೆಲುವೆಯಲ್ಲಿ ಈ ಕೈಗಳು ಎಲ್ಲಿಗೆ ಹೋಗುತ್ತವೆ?

ಟೇಪು ತೆಗೆದೆ. ‘ನಿಲ್ಲು’ ಎಂದೆ. ಅಮ್ಮ ನಿಂತಳು. ರೂಢಿಯಂತೆ ಟೇಪಿನ ತುದಿ ಭುಜಕ್ಕೆ ಹಿಡಿದು ಹಿಮ್ಮಡಿಗೆ ಬಿಟ್ಟೆ. ಐವತ್ತೆಂಟು. ಸರಿಯಾಗೇ ಇದೆಯಲ್ಲ...

ಭುಜ.

ಭುಜದಿಂದ!!

ಅಂಗಡಿಯಲ್ಲಿ ಯಾರ ಅಳತೆ ತೆಗೆದರೂ ಭುಜದಿಂದ ಕೆಳಗೆ. ಬಟ್ಟೆಗೆ ತಲೆ ಯಾಕೆ ಬೇಕು? ಇಷ್ಟು ವರ್ಷ ಇಷ್ಟು ಜನರ ಅಳತೆ ತೆಗೆದೆ, ಯಾರಿಗೂ ತಲೆ ಇರಲಿಲ್ಲ. ಅದೇ ಅಳತೆಯನ್ನು ತೆಗೆದು ಗುಂಪಿಗೆ ಕೊಟ್ಟಿದ್ದೇನೆ. ಇಡೀ ಗುಂಪು ಕೂತು ಇಬ್ಬರು ತಲೆಯಿಲ್ಲದವರಿಗೆ ದೋಣಿ ಹುಡುಕಿದೆ.

ಅಮ್ಮನಿಗೆ ಹೇಳಿದೆ. ಮಷೀನಿನ ಮೇಲೆ ಬಿದ್ದು ಬಿದ್ದು ನಕ್ಕಳು. ‘ತಲೆ ಅಳತೆ ಮರೆತೋಳಿಗೆ ತಲೆ ಎಷ್ಟಿರ್ಬೇಕು!’ ನಾನೂ ನಕ್ಕೆ, ಆದರೆ ಅರ್ಧಕ್ಕೆ ನಿಂತಿತು. ಅವಳು ಕಣ್ಣೊರೆಸಿಕೊಂಡು, ‘ಆದ್ರೂ ಅದೇ ತಗೋ. ನಿನ್ನ ಮುಖ ನೋಡಿದೀನಿ ಅಲ್ಲಿ’ ಎಂದಳು.

ನೋಡಿದ್ದಾಳೆ. ಅದಕ್ಕೇ ಬಗ್ಗಲು ಒಪ್ಪಿದ್ದಾಳೆ. ಬೇಡ ಅಂದಿದ್ದರೆ ಜಗಳವಾಡಬಹುದಿತ್ತು. ಒಪ್ಪಿದವಳ ಜೊತೆ ಏನು ಮಾಡುವುದು?

ಬಿಳಿ ಚೆಲುವೆಯ ಫೋಟೋ ಇನ್ನೊಮ್ಮೆ ನೋಡಿದೆ. ಇನ್ನೂ ಒಮ್ಮೆ. ಚೆಲುವೆಯೇ. ಸುಳ್ಳು ಹೇಳಿ ಏನು.

ದಲ್ಲಾಳಿಗೆ ಫೋನ್ ಮಾಡಿ ಬೇಡ ಎಂದೆ. ಆಮೇಲೆ ಕೇಳಿದೆ — ‘ಆ ಕಿತ್ತಳೆ ದೋಣಿ... ಬೀರು ಇಟ್ಟ ಹಾಗಿದೆಯಲ್ಲ... ಒಳಗೆ ಎತ್ತರ ಎಷ್ಟು?’

‘ಆರೂವರೆ ಅಡಿ. ಆದ್ರೆ ನಾಳೆ ಬೆಳಿಗ್ಗೆ ಇನ್ನೊಬ್ರು ನೋಡೋಕೆ ಬರ್ತಿದಾರೆ. ಆಗ ಇಣುಕಿಯೂ ನೋಡ್ಲಿಲ್ಲ ನೀವು!’

ಮಾರ್ಚ್ 25

ಬೆಳಕು ಹರಿಯುವ ಮುಂಚೆ ಬಂದರಿನಲ್ಲಿದ್ದೆವು. ಅಮ್ಮ ಇವತ್ತು ಮಾಮೂಲಿ ಸೀರೆ. ‘ಒಂದೇ ವಾರದಲ್ಲಿ ಎರಡು ಹೆಣ್ಣು ನೋಡೋರ್ಗೆ ಇದೇ ಸಾಕು.’

ಕುಂಬಳಕಾಯಿಯ ಯಜಮಾನ ಒಬ್ಬ ಬ್ಯಾಂಡಿನವನು. ಆಳೆತ್ತರದ ಪಿಟೀಲು ನುಡಿಸುತ್ತಾನೆ, ನಿಂತುಕೊಂಡು ತಬ್ಬಿ ಹಿಡಿದು ನುಡಿಸುತ್ತಾರಲ್ಲ, ಅದು. ಅದನ್ನು ಮಲಗಿಸಿದರೆ ಹಾಳಾಗುತ್ತದೆಂದು ಕ್ಯಾಬಿನ್ನನ್ನೇ ಎತ್ತರಿಸಿದ್ದನಂತೆ. ಬೀರು ಅಲ್ಲ, ಪಿಟೀಲಿನ ಕೋಣೆ! ಒಳಗೆ ಅದು ನಿಲ್ಲುತ್ತಿದ್ದ ಮೂಲೆ ಹಾಗೇ ಇತ್ತು. ಅಲುಗದ ಹಾಗೆ ಗೋಡೆಗೆ ಅಗಲ ಬೆಲ್ಟು, ಕೆಳಗೆ ದಪ್ಪ ರಬ್ಬರು.

‘ಯಾಕೆ ಮಾರ್ತಿದೀರಪ್ಪಾ?’ ಅಮ್ಮ ಕೇಳಿದಳು.

‘ಮದುವೆ ಆಗ್ತಿದೀನಮ್ಮ. ಹುಡುಗಿಗೆ ದೋಣಿ ಫೋಟೋ ತೋರಿಸಿದ್ರೇ ತಲೆ ಸುತ್ತುತ್ತೆ.’

ಅಷ್ಟರಲ್ಲಿ ಇನ್ನೊಂದು ಪಾರ್ಟಿಯ ಗಂಡ ಹೆಂಡತಿ ಬಂದರು. ಇಬ್ಬರೂ ಒಳ್ಳೆಯವರೇ, ಆದರೆ ಗಂಡ ಬಂದವನೇ ಕ್ಯಾಬಿನ್ ಮೇಲೆ ಕೈಯಿಂದ ಗೆರೆ ಎಳೆದು ತೋರಿಸಿದ. ‘ಇಷ್ಟನ್ನೂ ಕತ್ತರಿಸಿ ತೆಗೆದ್ರೆ ಓಡುತ್ತೆ ಇದು.’ ಬ್ಯಾಂಡಿನವನ ಮುಖ ಸಣ್ಣದಾಯಿತು.

ಅಮ್ಮ ಮೆಟ್ಟಿಲಿಳಿದಳು. ನಾನು ಕಣ್ಣು ಮುಚ್ಚಿದೆ. ಢಣ್ ಇಲ್ಲ. ತೆರೆದೆ. ಅಮ್ಮ ನೆಟ್ಟಗೆ ನಿಂತಿದ್ದಳು. ತಲೆಯ ಮೇಲೆ ಇನ್ನೂ ಜಾಗ! ಅವಳು ಒಂದು ಸುತ್ತು ತಿರುಗಿದಳು, ಚಿಕ್ಕ ಹುಡುಗಿಯ ಹಾಗೆ.

‘ಅಮ್ಮಾ, ಕೈ ಎತ್ತು. ಮೈ ಮುರಿ ನೋಡೋಣ.’

‘ಇನ್ನೂ ಏನು ಹೊಲಿದಿದೀನೇ? ಕೆಲಸ ಮುಗಿಸದೆ ಯಾರಾದ್ರೂ ಮೈ ಮುರೀತಾರಾ?’

ಎಷ್ಟು ಬೇಡಿದರೂ ಇಲ್ಲ. ಕಾನೂನು ಕಾನೂನೇ.

ಪಿಟೀಲಿನ ಮೂಲೆಯ ಮುಂದೆ ಬಗ್ಗಿ, ಗೇಣಿನಿಂದ ಅಳೆದು, ರಬ್ಬರು ಒತ್ತಿ ನೋಡಿದಳು. ‘ನಿಮ್ಮಣ್ಣ ಇಲ್ಲಿ ಕೂತ್ಕೋತಾನೆ’ ಎಂದಳು.

‘ಮಗನೂ ಇದಾನಾ?’ ಬ್ಯಾಂಡಿನವನು ಗಾಬರಿ. ‘ಮೂಲೆಯಲ್ಲಾ?’

ಅಮ್ಮ ವಿವರಿಸಿದಳು. ಅವನು ತುಂಬ ಹೊತ್ತು ನಕ್ಕ, ಆಮೇಲೆ ಗೋಡೆಯ ಬೆಲ್ಟು ಎಳೆದು ನೋಡಿದ. ‘ಬೆಲ್ಟು ಸ್ವಲ್ಪ ಗಿಡ್ಡ ಮಾಡ್ಬೇಕಾಗುತ್ತೆ ಅಮ್ಮ’ ಎಂದ.

‘ಬೆಲ್ಟು ಗಿಡ್ಡ ಮಾಡೋದು ನನಗೆ ಹೇಳ್ಕೊಡ್ತೀಯಾ!’

ಇನ್ನೊಂದು ಪಾರ್ಟಿಗೆ ಅವನೇ ಹೋಗಿ ಕ್ಷಮೆ ಕೇಳಿ ಬಂದ. ಕುಂಬಳಕಾಯಿ ನಮ್ಮದು!

ಮಾರ್ಚ್ 26

ಗುಂಪಿಗೆ ಹೇಳಲೇಬೇಕಿತ್ತು. ಹೇಳಿದೆ. ಭುಜದ ಕಥೆ ಸಮೇತ. ಮಧ್ಯಾಹ್ನದವರೆಗೆ ನಗು ನಿಲ್ಲಲಿಲ್ಲ. ‘ಮುಂಡದ ಅಳತೆಗೆ ದೋಣಿ ಬೇಕಾಗಿದೆ, ತಲೆ ಬೇರೆ ಕಳಿಸ್ತೀವಿ’ ಅಂತ ಒಬ್ಬ ಜಾಹೀರಾತು ಮಾಡಿ ಹಾಕಿದ. ಗಂಟಕ್ಕ ಬರೆದಳು: ‘ಓಡೋ ದೋಣಿ ಅಂತ ಆಸೆ ಹುಟ್ಟಿಸಿದ್ದು ನಾನೇ. ಸಾಮಾನು ಸಾಗಿಸೋ ದಿನ ಹೇಳು, ಬರ್ತೀನಿ.’

ಬರುತ್ತಾಳೆ! ಮುಖ ನೋಡುತ್ತೇನೆ!

ಏಪ್ರಿಲ್ 6

ದೋಣಿ ಪರೀಕ್ಷೆಗೆ ಕ್ರೇನಿನಿಂದ ಮೇಲೆತ್ತಿದರು. ನೀರಿನ ಹೊರಗೆ ಇನ್ನೂ ದಪ್ಪ ಕಾಣುತ್ತದೆ ಪಾಪ. ಪರೀಕ್ಷೆಯವನ ಹತ್ತಿರ ಪುಟ್ಟ ಸುತ್ತಿಗೆ, ನನ್ನ ಹತ್ತಿರ ಸೌಟು. ಅವನು ಒಂದು ಕಡೆಯಿಂದ ಟಕ್ ಟಕ್, ನಾನು ಇನ್ನೊಂದು ಕಡೆಯಿಂದ ಟಕ್ ಟಕ್. ಬ್ಯಾಂಡಿನವನು ತಾಳಕ್ಕೆ ಕಾಲು ಕುಣಿಸಿದ.

ಹಾಯಿಕಂಬದ ಬುಡದಲ್ಲಿ — ದಬ್.

ಎಲ್ಲರೂ ನಿಂತರು. ಮತ್ತೆ ತಟ್ಟಿದ. ದಬ್. ನನ್ನ ಎದೆಯೂ ದಬ್.

ಮರ ಮೆತ್ತಗಾಗಿದೆಯಂತೆ. ತೆಗೆದು ಹೊಸದು ಕೂರಿಸಬೇಕು. ಕಂಬ ಇಳಿಸಬೇಕು. ಉಳಿದದ್ದೆಲ್ಲ ಗಟ್ಟಿ. ‘ತಿಂಗಳ ಕೊನೆಗೆ ಆಗುತ್ತಾ?’ ಎಂದೆ. ‘ಕೈ ಜೋಡಿಸಿದ್ರೆ ಆಗುತ್ತೆ’ ಎಂದ. ಬ್ಯಾಂಡಿನವನು ಆಗಲೇ ತೋಳು ಮಡಿಸಿದ್ದ. ‘ನನ್ನ ಕಾಲದಲ್ಲಿ ಆದದ್ದು, ನಾನೇ ಮಾಡ್ಕೊಡ್ತೀನಿ.’

ಏಪ್ರಿಲ್ 19

ಕೈ ತುಂಬ ಬೊಬ್ಬೆ. ಉಗುರಿನಲ್ಲಿ ಅಂಟು. ಕಂಬ ನಿಂತಿತು!!

ಮನೆಯಲ್ಲಿ ಇನ್ನೊಂದು ಅವಾಂತರ. ದೋಣಿಯ ದೊಡ್ಡ ಹಾಯಿ ಹರಿದಿತ್ತು, ಅಮ್ಮನಿಗೆ ಕೊಟ್ಟಿದ್ದೆ. ಹೊಲಿಗೆ ಚಂದವೋ ಚಂದ. ಆದರೆ ಹೊಲಿದ ಮೇಲೆ, ಗಿರಾಕಿಗೆ ಕೊಡುವ ಬಟ್ಟೆಯಂತೆ, ಇಸ್ತ್ರಿ ಹಾಕಿಬಿಟ್ಟಿದ್ದಾಳೆ! ಪ್ಯಾಂಟಿನ ಹಾಗೆ ನಡುವೆ ಒಂದು ಗೆರೆ. ಒಂದು ಮೂಲೆ ಬಿಸಿಗೆ ಸುರುಟಿ ಹಪ್ಪಳ. ‘ಸುಕ್ಕು ಸುಕ್ಕು ಹಾಕ್ಕೊಂಡು ಹೊರಗೆ ಹೋಗ್ತಾರೇನೇ?’ ಅಂತ ನನಗೇ ಜೋರು. ಆಮೇಲೆ ಮೂಲೆ ನೋಡಿ, ಸಣ್ಣ ದನಿಯಲ್ಲಿ, ‘ಬಿಚ್ಚಿ ಬೇರೆ ತುಂಡು ಹಾಕ್ತೀನಿ ಬಿಡು. ಗುಂಪಿಗೆ ಹೇಳ್ಬೇಡ.’

ಹೇಳಿಬಿಟ್ಟೆ. ಕ್ಷಮಿಸು ಅಮ್ಮಾ.

ಏಪ್ರಿಲ್ 28

ಸಾಗಿಸಿದೆವು. ಮನೆ ಎಷ್ಟು ಚಿಕ್ಕದೆಂದು ಖಾಲಿಯಾದ ಮೇಲೆ ಗೊತ್ತಾಯಿತು. ಅಮ್ಮ ಕೊನೆಗೆ ಫ್ಯಾನ್ ಆಫ್ ಮಾಡಿದಳು. ‘ಇನ್ಮೇಲೆ ಪಕ್ಕಕ್ಕೆ ಸರಿಯೋ ಕೆಲಸ ಇಲ್ಲ ನಿನ್ನಿಂದ’ ಎಂದು ಅದಕ್ಕೆ ಹೇಳಿ ಬಾಗಿಲೆಳೆದಳು.

ಜೆಟ್ಟಿಯಲ್ಲಿ ಒಬ್ಬಳು ನಿಂತಿದ್ದಳು. ಪುಟಾಣಿ, ಬಿಳಿ ಕೂದಲು, ಹೆಗಲಲ್ಲಿ ಹಗ್ಗದ ಸುರುಳಿ. ಗಂಟಕ್ಕ! ನನ್ನ ಕಿವಿಗೂ ಬರುವುದಿಲ್ಲ! ಅಮ್ಮನನ್ನು ಕತ್ತೆತ್ತಿ ಎತ್ತಿ ನೋಡಿದಳು.

‘ಇವರೇನಾ ಗಿಡ್ಡಮ್ಮ?’

‘ನೀವೇನಾ ಹಿರಿಯಕ್ಕ?’ ಎಂದಳು ಅಮ್ಮ.

ಇಬ್ಬರೂ ಆಗಲೇ ಅಕ್ಕತಂಗಿಯರು. ‘ಅಣ್ಣ’ನನ್ನು ಹಗ್ಗದಲ್ಲಿ ಇಳಿಸುವಾಗ ಬಂದರಿಗೆ ಕೇಳುವಷ್ಟು ಜಗಳ — ಗಂಟಕ್ಕ ಒಂದು ಗಂಟು ಹಾಕುತ್ತಾಳೆ, ಅಮ್ಮ ಅದರ ಮೇಲೆ ತನ್ನದೊಂದು. ಎರಡು ಗಂಟಿನ ನಂಬಿಕೆಯಲ್ಲಿ ಅಣ್ಣ ನೀರಿನ ಮೇಲೆ ತೂಗಿ, ಗಾಳಿಗೆ ಒಂದು ಸುತ್ತು ತಿರುಗಿ, ಒಳಗಿಳಿದ. ಬ್ಯಾಂಡಿನವನು ಬೆಲ್ಟು ಬಿಗಿದ. ಅಮ್ಮ ಗಿಡ್ಡ ಮಾಡಿದ ಬೆಲ್ಟು. ಸರಿಯಾಗಿ ಕೂತಿತು.

ಮೇ 3, ಬೆಳಿಗ್ಗೆ

ಐದು ದಿನವಾಯಿತು, ಅಮ್ಮ ಇನ್ನೂ ಮೈ ಮುರಿದಿಲ್ಲ. ದೋಣಿ ಅಲುಗುತ್ತದೆ, ಹೊಲಿಗೆ ಸೊಟ್ಟ ಹೋಗುತ್ತದೆ, ಬಿಚ್ಚುತ್ತಾಳೆ, ಮತ್ತೆ ಶುರು. ಹಾಯಿಯ ಆ ಸುಟ್ಟ ಮೂಲೆ. ‘ನೀನು ಸುಮ್ನಿರ್ತೀಯೋ ಇಲ್ವೋ’ ಅಂತ ಸಮುದ್ರಕ್ಕೆ ಬೈಗುಳ. ಕೇಳಲು ಭಯ, ಆದರೂ ಕೇಳಿದೆ — ‘ಅಮ್ಮಾ, ಚಿಕ್ಕಮ್ಮನ ಮನೆಯೇ ವಾಸಿ ಅನ್ನಿಸ್ತಿದೆಯಾ?’

ತಲೆ ಎತ್ತಲಿಲ್ಲ. ‘ಅಲ್ಲಿ ಬೈಯೋಕೆ ಸಮುದ್ರ ಇದೆಯೇನೇ?’

ಮೇ 6, ಸಂಜೆ

ಡೆಕ್ಕಿನ ಮೇಲೆ ಕೂತು ಬರೆಯುತ್ತಿದ್ದೇನೆ. ಗಂಟಕ್ಕ ಚುಕ್ಕಾಣಿಯ ಹತ್ತಿರ ಚಹಾ ಹೀರುತ್ತಿದ್ದಾಳೆ. ಹಾಯಿ ಸಿದ್ಧವಾದರೆ ಇವತ್ತೇ ಒಂದು ಸುತ್ತು ಹೋಗೋಣ ಎಂದಿದ್ದಾಳೆ. ಆಚೆ ಕಡೆ ಬಿಳಿ ಚೆಲುವೆ ಕಾಣುತ್ತದೆ, ಯಾರೋ ಕೊಂಡಿದ್ದಾರೆ, ಬಟ್ಟೆ ಒಣಹಾಕಿದ್ದಾರೆ. ಈಗಲೂ ಚಂದ. ಒಳಗಿನಿಂದ ಅಣ್ಣನ ಸದ್ದು — ಟರ್ರ್ರ್... ನಿಲ್ಲುತ್ತದೆ... ಟರ್ರ್ರ್. ಅಮ್ಮ ಅಲೆ ಬರುವಾಗ ಕಾಲು ತಡೆಯುತ್ತಾಳೆ, ಹೋದ ಮೇಲೆ ತುಳಿಯುತ್ತಾಳೆ. ಯಾವಾಗ ಕಲಿತಳೋ.

ಸದ್ದು ನಿಂತಿತು.

ಇನ್ನೂ ಶುರುವಾಗಲಿಲ್ಲ.

ಕತ್ತರಿಯ ಸದ್ದು. ದಾರ ಕತ್ತರಿಸಿದಳು!

ಚಾವಣಿಯ ಮುಚ್ಚಳ ಕಿರ್ ಅಂತ ತೆರೆಯುತ್ತಿದೆ. ಕ್ಯಾಬಿನ್ ಮೇಲೆ ಒಂದು ಕೈ ಬಂತು. ಇನ್ನೊಂದು ಕೈ. ಬೆರಳ ತುದಿಯಲ್ಲಿ ಹೊಲಿಗೆಯ ಲೋಹದ ಟೋಪಿ, ಅಂಗುಸ್ತಾನ, ಇನ್ನೂ ಇದೆ, ಬಿಸಿಲಿಗೆ ಹೊಳೆಯಿತು. ಮೇಲೆ, ಇನ್ನೂ ಮೇಲೆ, ಆಕಾಶಕ್ಕೇ. ಗಂಟಕ್ಕ ಲೋಟ ಹಿಡಿದು ಹಾಗೇ ಕೂತಿದ್ದಾಳೆ.

‘ಅಬ್ಬಬ್ಬಬ್ಬಾ...!’

ಬೆನ್ನು ಲಟಕ್ ಅಂದದ್ದು ಇಲ್ಲಿಗೆ ಕೇಳಿತು. ಕೈಗಳು ಇಳಿಯುತ್ತಿಲ್ಲ. ಬೆರಳು ಬಿಡಿಸಿ ಏನೋ ಹಿಡಿದು ನೋಡುತ್ತಿದ್ದಾಳೆ...

‘ಏ ಕತ್ತೆ! ಗಾಳಿ ಬಂದಿದೆ ಕಣೇ! ಬರೆದಿದ್ದು ಸಾಕು, ಹಾಯಿ ಹಿಡ್ಕೋ ಬಾ!’

ಬಂದೆ ಅಮ್ಮಾ, ಒಂದೇ ಒಂದು ಸಾಲು, ಈ —